ಗೋಲದ ಜಾಗಕ್ಕೆ ಯಾವುದು?

ಪ್ರೀತಿಯ ಮಾಸ್ತರರೇ,

ನೀವಿಲ್ಲದ ಮೊದಲ ಮಳೆಗಾಲ ಇದು. ಬೋಟುಗಳೆಲ್ಲ ದಡ ಸೇರಿವೆ. ಕುಮಟೆಯ ನಮ್ಮ ತಾರಾಲಯಕ್ಕೆ ಮೀನುಗಾರರ ಮನೆಯವರು ಎಂದಿನಂತೆ ಕೊಡೆ ಮಡಚಿಕೊಂಡು ಬರತೊಡಗಿದ್ದರು. ಮೋಡದ ಕಾಲದಲ್ಲೂ ಇವರಿಗೆ ನಕ್ಷತ್ರ ಕಾಣಬೇಕೆಂದು ಈ ಪುಕ್ಕಟೆ ಶೋ ಶುರು ಮಾಡಿದವರು ನೀವಲ್ಲವೇ? ಈ ಸಲ ಶೋ ಅರ್ಧಕ್ಕೇ ನಿಂತಿತು. ಗುಮ್ಮಟದ ತುಂಬ ನಕ್ಷತ್ರ ಚೆಲ್ಲುತ್ತಿದ್ದ ನಿಮ್ಮ ಗೋಲದೊಳಗಿನ ದೀಪ ಸುಟ್ಟುಹೋಯಿತು. ಅಂಥ ದೀಪ ಮಾಡುವುದನ್ನು ಕಂಪನಿ ಬಿಟ್ಟು ವರ್ಷಗಳಾದವಂತೆ.

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನೀವು ಹೇಳಿದ್ದು ನೆನಪಿದೆ. "ತಂಗಿ, ಎಂತದೇ ಹೊಸತು ಬರ್ಲಿ, ಗೋಲ ಮಾತ್ರ ತೆಗೀಬೇಡ." ನಾನು "ಆತು" ಎಂದೆ. ಆ ಹೊತ್ತಿನಲ್ಲಿ ಇನ್ನೇನು ಹೇಳಲಿ? ನೀವು ಹೇಳಿ ಹೋದಿರಿ, ಸಿಕ್ಕಿಬಿದ್ದವಳು ನಾನು. ಈಗ ಸಿಟ್ಟು ಬರುತ್ತದೆ, ನಿಮ್ಮ ಮೇಲೆಯೇ.

ಸಮಿತಿಯ ಅಧ್ಯಕ್ಷರು ಬಂದು ಖಾಲಿ ಕುರ್ಚಿಗಳನ್ನು ನೋಡಿ, ತಿಂಗಳೊಳಗೆ ಹೊಸ ಯಂತ್ರ ಆರಿಸು, ಇಲ್ಲವಾದರೆ ಈ ಗುಮ್ಮಟದ ಹಾಲ್ ಅನ್ನು ಮದುವೆಗೆ ಬಾಡಿಗೆ ಕೊಡುತ್ತೇವೆ ಎಂದರು. ಅವರಿಗೆ ಬೇಕಾದದ್ದು ಡೈನೋಸಾರ್ ಸಿನಿಮಾ. ಮಾರುವವರು ಸಾಲಾಗಿ ಬಂದರು. ಒಬ್ಬನ ಬಾಯಲ್ಲಿ ಲೇಸರ್, ಇನ್ನೊಬ್ಬನ ಬಾಯಲ್ಲಿ ಎಲ್‌ಇಡಿ. ನನ್ನ ತಲೆ ಗಿರ್ರೆಂದಿತು. ಕೊನೆಗೆ, ಇಂಥ ಯಂತ್ರ ಈಗಾಗಲೇ ಕೊಂಡಿರುವ ಬೇರೆ ಊರಿನ ತಾರಾಲಯದವರಿಗೆ ಫೋನು ಹಚ್ಚಿದೆ. ಚಿತ್ರ ಎಷ್ಟು ಚೆಂದ ಎಂಬುದನ್ನು ಕೊನೆಗೆ ಕೇಳಿ, ಕೆಟ್ಟಾಗ ಯಾರು ಬರುತ್ತಾರೆಂದು ಮೊದಲು ಕೇಳಿ ಎಂದರು. ಮಾರುವವರನ್ನು ಹಾಗೇ ಕೇಳತೊಡಗಿದೆ. ಉಪ್ಪುಗಾಳಿಗೆ ಲೆನ್ಸು ತಡೆಯುತ್ತದೆಯೇ? ಕರೆಂಟು ಹೋಗಿ ಬಂದರೆ? ಸಾಫ್ಟ್‌ವೇರ್‌ಗೆ ವರ್ಷ ವರ್ಷ ದುಡ್ಡು ಕಟ್ಟದಿದ್ದರೆ ಆಕಾಶವೇ ಬಂದ್ ಆಗುತ್ತದೆಯೇ? ನಡುವೆ ನಿಲ್ಲಿಸಿ ನಾನು ಮಾತಾಡಬಹುದೇ? ಕೊನೆಯ ಪ್ರಶ್ನೆಗೆ ಒಬ್ಬ ನಕ್ಕು, ಮೇಡಂ, ಗುಂಡಿ ಒತ್ತಿ ನೀವು ಹೊರಗೆ ಚಾ ಕುಡಿಯಬಹುದು ಎಂದ. ಅವನನ್ನು ಆಗಲೇ ಕಳಿಸಿಬಿಟ್ಟೆ.

ಕೊನೆಗೆ ಉಳಿದವನು ಯಂತ್ರ ತಂದು ನಮ್ಮ ಗುಮ್ಮಟದಡಿಯಲ್ಲೇ ತೋರಿಸಿದ ದಿನ ಅಘನಾಶಿನಿ ಊರಿನ ಮೀನುಗಾರ ಹೆಂಗಸರನ್ನು ಬೇಕೆಂದೇ ಕರೆಸಿದ್ದೆ. ಇವರು ನಿಮ್ಮ ಗೋಲವೇ ಬೇಕು ಎನ್ನುತ್ತಾರೆ, ಆಗ ಗೋಲಕ್ಕೇ ಬೇರೆ ದೀಪ ಕೂರಿಸಿಯಾದರೂ ನನ್ನ ಮಾತು ಉಳಿಸಿಕೊಳ್ಳುತ್ತೇನೆ ಎಂಬ ಲೆಕ್ಕ. ಕತ್ತಲಲ್ಲಿ ನಾಗವೇಣಿ ಎದ್ದು ನಿಂತಳು. ಅವಳ ಗಂಡ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ.

"ಅಕ್ಕಾ, ನಮ್ಮನೆಯವ್ರು ಈಗ ಆಫ್ರಿಕಾದ ತುದೀಲಿ ಇದ್ರಂತೆ. ಅವ್ರಿಗೆ ಇವತ್ತು ಕಾಣೂ ಆಕಾಶ ತೋರ್ಸೂಕೆ ಆಗ್ತದ್ಯಾ?"

ಗೋಲ ಸಡಿಲವಾಗಿ ವಾಲುತ್ತದೆಂದು, ಅದು ಬರೀ ಕುಮಟೆಯ ಆಕಾಶವನ್ನೇ ತೋರಿಸುವಂತೆ ನೀವು ಬೆಸುಗೆ ಹಾಕಿಸಿಬಿಟ್ಟಿದ್ದಿರಿ. ನಮ್ಮವರಿಗೆ ನಮ್ಮೂರ ಆಕಾಶ ಸಾಕು ಎನ್ನುತ್ತಿದ್ದಿರಿ. ಆದರೆ ನಮ್ಮವರು ನಮ್ಮೂರಲ್ಲೇ ಎಲ್ಲಿದ್ದಾರೆ, ಮಾಸ್ತರರೇ? ಹೊಸ ಯಂತ್ರದಲ್ಲಿ ನಾನೇ ತಿರುಗಿಸಿದೆ. ನಮ್ಮಲ್ಲಿ ತೆಂಗಿನ ತಲೆ ದಾಟದ ತ್ರಿಶಂಕು ನಕ್ಷತ್ರಪುಂಜ ಮೇಲೆ ಮೇಲೆ ಏರುತ್ತ ಹೋಯಿತು. ಕಾಣುತ್ತಿದ್ದ ಧ್ರುವ ನಕ್ಷತ್ರ ಮುಳುಗಿತು. ನಾಗವೇಣಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಗಲ್ಲ ಹಿಡಿದು ಮೇಲೆತ್ತಿದಳು. ನನಗೆ ಅಳು ಬಂತು. ಕತ್ತಲಿತ್ತು, ಒಳ್ಳೆಯದಾಯಿತು.

ಅಧ್ಯಕ್ಷರಿಗೆ ಹೇಳಿಬಿಟ್ಟಿದ್ದೇನೆ. ಈ ಯಂತ್ರವೇ ಆಗಲಿ, ಆದರೆ ಮಳೆಗಾಲದ ಶೋ ನಾನು ಬಾಯಿಬಿಟ್ಟು ಹೇಳುವಂಥದ್ದೇ, ಸಿನಿಮಾ ಅಲ್ಲ. ಅವರು ಹೂಂ ಎಂದರು. ಆ ಹೂಂ ಎಷ್ಟು ದಿನದ್ದೋ, ಈ ಯಂತ್ರಕ್ಕೂ ದೀಪ ಸಿಗದ ದಿನ ಯಾವಾಗ ಬರುತ್ತದೋ... ಈ ಸಿಕ್ಕಿನಿಂದ ಬಿಡಿಸಿಕೊಂಡೆ ಎಂದು ಸುಳ್ಳು ಹೇಳಲಾರೆ.

ನಾಳೆ ಗೋಲ ಇಳಿಸುತ್ತೇವೆ. ನೀವು ಇದ್ದಿದ್ದರೆ ತಡೆಯುತ್ತಿದ್ದಿರಿ. ನಾನು ನಿಮ್ಮ ಎದುರು ನಿಂತು ಜಗಳವಾಡಿ ಇದನ್ನೇ ಆರಿಸುತ್ತಿದ್ದೆ. ಆ ಜಗಳ ಆಡಲು ಈಗ ನೀವಿಲ್ಲ.