ಎತ್ತಿದ ಕರೆ: ಸೊನ್ನೆ

ಜುಲೈ 7, ಬೆಳಿಗ್ಗೆ 9.20
ರೂಟರಿಗೆ ನಮಸ್ಕಾರ, ನಂತರ ಚಹಾ. ಬೆಟಗೇರಿಯ ಈ ಹೂವಿನ ಅಂಗಡಿಗೆ ಇಂಟರ್ನೆಟ್ ಫೋನು ಹುಟ್ಟಿ ಇಂದಿಗೆ ಏಳು ದಿನ. ಸೂಲಗಿತ್ತಿ ನಾನೇ.
ಮಾಲೀಕ ಇನಾಯತ ಸಾಹೇಬರು ಕಾಲ್ ರೆಕಾರ್ಡ್ ಕೇಳಿದರು. ತೆಗೆದೆ. ಬಂದ ಕರೆ 412. ಇಪ್ಪತ್ತು ವರ್ಷದಿಂದ ಫೋನಿನ ಮುಂದೆ ಕೂತಿರುವ ದಿಲಶಾದಬಿ ಎತ್ತಿದ್ದು... ಸೊನ್ನೆ.
"ಒಂದೂ ಎತ್ತಿಲ್ಲ? ಮುಂದಿನ ಸೋಮವಾರದಿಂದ ಮನ್ಯಾಗ ಕುಂಡ್ರಲಿ."
"ಮಷೀನ್ ತಪ್ಪಿರಬೇಕ್ರಿ."
"ಶನಿವಾರದ ತನಕ ಟೈಮ್. ಆಕಿಗೆ ಹೇಳಬ್ಯಾಡ."

ಜುಲೈ 8
ಹಿತ್ತಲಲ್ಲಿ ನಿಂತು ಮೊಬೈಲಿನಿಂದ ಪರೀಕ್ಷೆ. ಮೂರನೇ ರಿಂಗಿಗೆ ಎತ್ತಿದಳು. "ಲೇ ಮಂಜುಳಾ, ಕೈಯಾಗ ಕೆಲಸ ಇಲ್ಲೇನ?"
ರೆಕಾರ್ಡಿನಲ್ಲೂ ಎತ್ತಿದ ಕರೆ ಒಂದು ಎಂದು ಬಂತು. ಮಷೀನ್ ನಿರಪರಾಧಿ. ದುಃಖವಾಯಿತು.
ಸರಿ, ಅವಳ ಮಾನ ಉಳಿಸಲು ಸ್ವಾಗತ ಧ್ವನಿ ಜೋಡಿಸಿದೆ. ರಿಂಗ್ ಆಗುವ ಮೊದಲೇ ಯಂತ್ರದ ಹುಡುಗಿ ಎತ್ತುತ್ತಾಳೆ: "ನಮಸ್ಕಾರ, ನಿಮ್ಮ ಕರೆ ನಮಗೆ ಅಮೂಲ್ಯ."

ಜುಲೈ 9, ಮಧ್ಯಾಹ್ನ
ಎತ್ತಿದ ಕರೆ ನೂರಕ್ಕೆ ನೂರು! ಬಂದ ಹೂವು ಸೊನ್ನೆ. ಹಳ್ಳಿಗಳಿಂದ ಹೂವು ತರಬೇಕಾದ ಟೆಂಪೋ ಅಂಗಡಿ ಮುಂದೆಯೇ ಧ್ಯಾನಸ್ಥ.

ಜುಲೈ 10
ನಮಗೆ ಹೂವು ಬೆಳೆದು ಕೊಡುವ ಹರ್ತಿಯ ರಾಮವ್ವ ಸೇವಂತಿಗೆ ಬುಟ್ಟಿ ಹೊತ್ತು ಬಸ್ಸಿನಲ್ಲೇ ಬಂದಿಳಿದಳು.
"ಫೋನಿನ್ಯಾಗ ಯಾವಾಕಿ ಕುಂತಾಳ? ನಾ ಒಂದ್ ರಿಂಗ್ ಕೊಟ್ಟು ಕಟ್ ಮಾಡೂದ್ರಾಗ ಗಂಟ್ ಬೀಳ್ತಾಳ! ಯಾರವ್ವ ನೀ ಅಂದ್ರ ಹೆಸರೂ ಹೇಳವಲ್ಲಳು!"
ದಿಲಶಾದಬಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಬಿಡಿಸಿ ಹೇಳಿದಳು. ಒಂದು ರಿಂಗ್: ಹೂವು ರೆಡಿ, ಟೆಂಪೋ ಕಳಿಸು. ಎರಡು: ಇವತ್ತು ಇಲ್ಲ. ಮೂರಾದರೆ ಮಾತ್ರ ಎತ್ತಬೇಕು. ನಂಬರ್ ನೋಡುತ್ತಾಳೆ, ರಿಂಗ್ ಎಣಿಸುತ್ತಾಳೆ, ಟೆಂಪೋ ಕಳಿಸುತ್ತಾಳೆ.
ಇಪ್ಪತ್ತು ವರ್ಷ! ನಾನು ಪಕ್ಕದ ಕುರ್ಚಿಯಲ್ಲಿ ಕೂತು ಮೂರು ವರ್ಷ, ಗೊತ್ತೇ ಇರಲಿಲ್ಲ.
ಯಂತ್ರದ ಹುಡುಗಿಯನ್ನು ತಕ್ಷಣ ಕೆಲಸದಿಂದ ತೆಗೆದೆ.

ಜುಲೈ 12, ಶನಿವಾರ
ವಿಚಾರಣೆ. ರೆಕಾರ್ಡಿನಲ್ಲಿ ಯಾವ ಕರೆ ಎಷ್ಟು ಸೆಕೆಂಡ್ ರಿಂಗಾಯಿತು ಎಂಬ ಕಾಲಂ ಇದೆ. ಇಷ್ಟು ದಿನ ಮಹಾಪಂಡಿತೆಯಾದ ನಾನು ನೋಡಿರಲಿಲ್ಲ. ಅದನ್ನೂ ದಿಲಶಾದಬಿ ರಿಂಗ್ ಬರೆದಿಡುವ ವಹಿಯನ್ನೂ ಸಾಹೇಬರ ಮುಂದೆ ಹೋಲಿಸಿದೆ. ನಿನ್ನೆಯ 58 ಕರೆಯಲ್ಲಿ 57 ತಾಳೆ.
ಉಳಿದದ್ದು ಡೋಣಿ ಊರಿನ ಹೊನ್ನೇಶನದು. ಯಂತ್ರ ಎರಡು ರಿಂಗ್ ಅಂದಿತು. ವಹಿಯಲ್ಲಿ ಒಂದು.
"ಸಿಕ್ಕಿಬಿದ್ದಿ ನೋಡ" ಎಂದು ಸಾಹೇಬರು ದಿಲಶಾದಬಿಯತ್ತ ತಿರುಗಿದರು.
"ಹೊನ್ನೇಶನ ಕೈ ನಿಧಾನ್ರಿ. ಕಟ್ ಮಾಡೂದ್ರಾಗ ಎರಡ ಆಗತೈತಿ. ಖರೆ ಎರಡ ಕೊಡಬೇಕಾದ್ರ ಮೂರ ಕೊಡತಾನ."
ಅಂಗಳದಲ್ಲಿ ನಿನ್ನೆ ಟೆಂಪೋ ತಂದ ಡೋಣಿಯ ಬುಟ್ಟಿಗಳು ಘಮಘಮ. ಸಾಹೇಬರು ಎಣಿಸಿ ಬಂದರು. ಕೆಮ್ಮಿದರು.
"ಸೋಮವಾರ ಜಲ್ದಿ ಬರ್ರಿ ಅಮ್ಮಾ. ತಪ್ಪಸಬ್ಯಾಡ್ರಿ."
"ನಾ ಯಾವಾಗ ತಪ್ಪಿಸೇನ್ರಿ?" ಕೆಲಸ ಹೋಗಲಿದ್ದದ್ದು ತಿಳಿಯದ ದಿಲಶಾದಬಿ ನನ್ನತ್ತ ನೋಡಿದಳು. ನಾನು ರೂಟರತ್ತ.

ಜುಲೈ 14, ಸಂಜೆ 4
ನನಗೂ ಸಂಕೇತ ದಯಪಾಲಿಸಿದ್ದಾಳೆ. ಒಂದು ರಿಂಗ್: ಚಹಾ ಆತು, ಬಾ. ಎರಡು: ತಡಾ ಮಾಡಿದಿ, ಮುಗೀತು. ಇಂದಿನ ವರದಿಯಲ್ಲಿ ಮತ್ತೆ ಎತ್ತಿದ ಕರೆ ಸೊನ್ನೆ. ಸಾಹೇಬರೇ ಕೆಳಗೆ ಸಹಿ ಹಾಕಿ "ಶಾಬಾಸ್" ಬರೆದರು. ಈ ಐತಿಹಾಸಿಕ ಘಟನೆಯನ್ನು ಮುಂದಿನ ಪೀಳಿಗೆಗಾಗಿ ಸವಿಸ್ತಾರ—
ಮೊಬೈಲ್. ಒಂದು ರಿಂಗ್. ಈ ಸಾಲು ಮುಗಿಸಿ ಹೋಗ್ತೀನಿ... ಅಯ್ಯೋ, ಎರಡ—