ಆ ನಡಿಗೆ ತಯಾರಾದದ್ದು ನನ್ನ ಅಂಗಡಿಯಲ್ಲಿ

ನಗರದ ಪೊಲೀಸ್ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ಕಳ್ಳನೆಂದು ಹಿಡಿದು ಎರಡು ದಿನ ಠಾಣೆಯಲ್ಲಿ ಕೂರಿಸಿದ್ದ ಶಾಲಾ ಬಸ್ಸಿನ ಚಾಲಕರು ನನ್ನ ಅಕ್ಕನ ಗಂಡ, ನನ್ನ ಭಾವ. ಕಳ್ಳತನವಾದ ಜಾಗದಲ್ಲಿ ಅವರ ಮುಖವನ್ನು ಯಾರೂ ಕಂಡಿಲ್ಲ. ಬೆರಳಚ್ಚು ಸಿಕ್ಕಿಲ್ಲ. ಸಾಮಾನೂ ಸಿಕ್ಕಿಲ್ಲ. ಕೃತಕ ಬುದ್ಧಿಮತ್ತೆ ಎಂದು ಪತ್ರಿಕೆಯಲ್ಲಿ ಫೋಟೋ ಸಮೇತ ಹಾಕಿಸಿದ್ದಿರಲ್ಲ, ಆ ನಿಮ್ಮ ಹೊಸ ಯಂತ್ರ, ಇವರ ನಡಿಗೆ ಕಳ್ಳನ ನಡಿಗೆಯ ಹಾಗೇ ಇದೆ ಎಂದಿತು. ನೀವು ತಲೆ ಆಡಿಸಿದಿರಿ. ಮಾನ್ಯರೇ, ಆ ನಡಿಗೆ ನನ್ನ ಭಾವನದಲ್ಲ. ಅದನ್ನು ಅವರಿಗೆ ಮಾಡಿಕೊಟ್ಟವನು ನಾನು. ನಾನು ಬೂಟು, ಚಪ್ಪಲಿ ರಿಪೇರಿ ಮಾಡುವವನು.

ಆರನೇ ತರಗತಿ ಅರ್ಧಕ್ಕೆ ಬಿಟ್ಟವನು ಬರೆದ ಪತ್ರ ಇದು. ಮೂರು ಸಲ ಬರೆದು ಹರಿದೆ. ಇದನ್ನು ಕಳಿಸಿದರೆ ನನ್ನ ಹೆಸರೂ ನಿಮ್ಮ ಯಂತ್ರದ ನಿಗಾ ಪಟ್ಟಿಗೆ ಸೇರುತ್ತದೆಯೇ ಎಂಬ ಹೆದರಿಕೆ ಇದೆ, ಕಳಿಸದಿದ್ದರೆ ಅಕ್ಕನ ಮುಖ ನೋಡುವ ಹಾಗಿಲ್ಲ. ಅಂಗಡಿಯ ಬಾಗಿಲು ಹಾಕಿದ ಮೇಲೂ ಬೀಗ ಬಿದ್ದಿದೆಯೇ ಎಂದು ಎರಡು ಸಲ ಹಿಂದಿರುಗಿ ಎಳೆದು ನೋಡುವ ಜಾಯಮಾನ ನನ್ನದು. ಹೀಗೆ ಹಿಂದಿರುಗಿ ನೋಡುವುದನ್ನೂ ನಿಮ್ಮ ಯಂತ್ರ ಬರೆದುಕೊಳ್ಳುತ್ತಿರಬಹುದು. ಇರಲಿ.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಬಸ್ಸು ಓಡಿಸುವವರ ಬೂಟು ಎರಡೂ ಒಂದೇ ಸಮ ಸವೆಯುವುದಿಲ್ಲ. ಬಲಗಾಲಿನ ಹಿಮ್ಮಡಿ ದಿನವಿಡೀ ನೆಲಕ್ಕೆ ಊರಿಕೊಂಡು ಬ್ರೇಕಿಗೂ ಆಕ್ಸಿಲರೇಟರಿಗೂ ತಿರುಗುತ್ತಿರುತ್ತದೆ, ಮೊದಲು ಅದೇ ಹೋಗುತ್ತದೆ. ನೀವು ಅವರನ್ನು ಹಿಡಿಯುವ ಮುಂಚಿನ ಬುಧವಾರ ಸಂಜೆ ಭಾವ ಬೂಟು ತಂದರು. ನಾನು ಯಾವಾಗಲೂ ಹಾಕುವ ರಬ್ಬರ್ ಹಾಳೆ ಮುಗಿದಿತ್ತು. ಸ್ವಲ್ಪ ದಪ್ಪದ ತುಂಡೊಂದು ಇತ್ತು.

"ನಾಳೆ ಬನ್ನಿ ಭಾವ, ಸರಿಯಾದ ರಬ್ಬರ್ ತಂದು ಎರಡಕ್ಕೂ ಹಾಕ್ತೀನಿ" ಎಂದೆ.

"ನಾಳೆ ಏನು ಬರಿಗಾಲಲ್ಲಿ ಬಸ್ಸು ಓಡಿಸ್ಲಾ? ಇರೋದನ್ನ ಒಂದಕ್ಕೆ ಬಡಿ ಮಾರಾಯ. ನಿಂಗೆ ಎಲ್ಲದಕ್ಕೂ ಯೋಚನೆ."

ಬಡಿದೆ. ಬಲ ಹಿಮ್ಮಡಿ ಎಡದ್ದಕ್ಕಿಂತ ಎರಡು ಬೆಂಕಿಕಡ್ಡಿಯ ದಪ್ಪದಷ್ಟು ಎತ್ತರವಾಯಿತು. ಎಂಟು ದಿನದಲ್ಲಿ ಸವೆದು ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ಬೆಂಕಿಕಡ್ಡಿ ಎಂದರೆ ಕಣ್ಣಿಗೆ ಏನೂ ಅಲ್ಲ, ಸೊಂಟಕ್ಕೆ ಬಹಳ. ಹಾಗೆ ನಡೆಯುವ ಮನುಷ್ಯ ಎಡಕ್ಕೆ ವಾಲುತ್ತಾನೆ, ಎಡಗೈ ದೇಹದಿಂದ ದೂರ ಬೀಸುತ್ತಾನೆ. ಶುಕ್ರವಾರ ಅಂಗಡಿಯ ಮುಂದೆ ಭಾವ ಹಾದುಹೋದಾಗ ಇದನ್ನು ನೋಡಿ ಕರೆದೆ. "ಭಾನುವಾರ ಕೊಡ್ತೀನಿ ಬಿಡೋ, ಈಗ ಮಕ್ಕಳು ಕಾಯ್ತಿವೆ" ಎಂದು ಕೈಬೀಸಿ ಹೋದರು. ಭಾನುವಾರ ಮರೆತರು. ಸೋಮವಾರ ಬೆಳಿಗ್ಗೆ ನೀವು ಬಂದಿರಿ.

ಈಗ ನಿಮ್ಮ ಕಳ್ಳತನದ ವಿಷಯ. ಮಾರುಕಟ್ಟೆ ರಸ್ತೆಯ ಮೊಬೈಲ್ ಅಂಗಡಿಯವರು ಮಧ್ಯಾಹ್ನ ಬಾಗಿಲು ಹಾಕಿ ಊಟಕ್ಕೆ ಹೋಗಿದ್ದಾಗ ಹೆಲ್ಮೆಟ್ ಹಾಕಿದ ಒಬ್ಬ ಬೀಗ ಮುರಿದು ಚೀಲ ತುಂಬಿಕೊಂಡು ನಡೆದುಹೋದ. ಮುಖ ಕಾಣಿಸಲಿಲ್ಲ, ನಡಿಗೆ ಕಾಣಿಸಿತು. ಎಡಕ್ಕೆ ವಾಲಿದ ನಡಿಗೆ. ಇದು ನಡೆದದ್ದು ಮಂಗಳವಾರ ಎರಡು ಗಂಟೆಗೆ. ದಯವಿಟ್ಟು ಈ ವಾರವನ್ನು ಇನ್ನೊಮ್ಮೆ ಓದಿ. ಕಳ್ಳತನ ಮಂಗಳವಾರ. ನಾನು ಹಿಮ್ಮಡಿ ಹಾಕಿದ್ದು ಮಾರನೆಯ ದಿನ, ಬುಧವಾರ. ನಿಮ್ಮ ಯಂತ್ರ ಊರಿನ ಕ್ಯಾಮೆರಾಗಳನ್ನೆಲ್ಲ ಜಾಲಾಡಿ ಭಾವನನ್ನು ಹೆಕ್ಕಿದ್ದು ಶನಿವಾರದ ಚಿತ್ರದಿಂದ. ಹೀಗೆ ನಡೆಯುವವರು ಯಾರು ಎಂದು ನೀವು ಅದನ್ನು ಕೇಳಿದಿರಿ. ಯಾವತ್ತಿನಿಂದ ಹೀಗೆ ನಡೆಯುತ್ತಿದ್ದಾರೆ ಎಂದು ಕೇಳಲಿಲ್ಲ. ಅದೂ ಹೇಳಲಿಲ್ಲ. ಕೇಳದ್ದನ್ನು ಹೇಳುವಷ್ಟು ಬುದ್ಧಿ ಕೃತಕ ಬುದ್ಧಿಗೆ ಇರುವುದಿಲ್ಲವೋ ಏನೋ, ನನಗೆ ತಿಳಿಯದು.

ಹಿಡಿದದ್ದಾದರೂ ಹೇಗೆ? ಶಾಲೆಯ ಗೇಟಿನಲ್ಲಿ, ಬಸ್ಸಿನ ತುಂಬ ಮಕ್ಕಳಿರುವಾಗ. ಆ ಮಕ್ಕಳು ಭಾವನನ್ನು ಹಾರ್ನ್ ಮಾಮ ಎನ್ನುತ್ತವೆ, ಒಂದು ದಿನವೂ ಹಾರ್ನ್ ಹೊಡೆಯದ್ದಕ್ಕೆ. ಹಿಂದಿನ ಸೀಟಿನ ಒಂದು ಪುಟ್ಟ ಹುಡುಗಿ ಇಳಿದು ಬಂದು ನಿಮ್ಮ ಪೇದೆಯನ್ನು "ಮಾಮನ್ನ ಎಷ್ಟೊತ್ತಿಗೆ ವಾಪಸ್ ಬಿಡ್ತೀರ, ನಮ್ಗೆ ಸಂಜೆ ಮನೆಗೆ ಹೋಗ್ಬೇಕು" ಎಂದು ಕೇಳಿದಳಂತೆ. ಆ ಪ್ರಶ್ನೆಗೆ ನಿಮ್ಮ ಇಲಾಖೆ ಇನ್ನೂ ಉತ್ತರ ಕೊಟ್ಟಿಲ್ಲ. ಬುಧವಾರ ಭಾವನನ್ನು ಮನೆಗೆ ಕಳಿಸಿದಿರಿ, ನಿಜ. ಆದರೆ ನಿಗಾ ಪಟ್ಟಿಯಲ್ಲಿ ಹೆಸರು ಹಾಗೇ ಇದೆ. ಪಟ್ಟಿಯಲ್ಲಿರುವವರ ಕೈಗೆ ಮಕ್ಕಳನ್ನು ಕೊಡುವುದಿಲ್ಲ ಎಂದು ಶಾಲೆಯವರು ಹೇಳಿದ್ದಾರೆ. ಅವರದು ತಪ್ಪೆನ್ನಲಾರೆ, ನಾನಾಗಿದ್ದರೂ ಹೆದರುತ್ತಿದ್ದೆ. ಬರುವ ಸೋಮವಾರದೊಳಗೆ ಪೊಲೀಸರಿಂದ ಕಾಗದ ತಂದರೆ ಕೆಲಸ, ಇಲ್ಲದಿದ್ದರೆ ಬಸ್ಸಿಗೆ ಬೇರೆ ಚಾಲಕ. ಹತ್ತೊಂಬತ್ತು ವರ್ಷ ಓಡಿಸಿದ ಬಸ್ಸು.

ಆ ಕಾಗದಕ್ಕಾಗಿ ನಾನು ಠಾಣೆಗೆ ಹೋದೆ. ಹಿಮ್ಮಡಿಗೆ ಹಾಕಿದ ರಬ್ಬರಿನ ಉಳಿದ ತುಂಡನ್ನೂ ಜೊತೆಗೆ ಒಯ್ದಿದ್ದೆ. ಸಬ್ ಇನ್‌ಸ್ಪೆಕ್ಟರರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಏನಪ್ಪ ಇದು?"

"ಸಾಕ್ಷಿ ಸಾರ್."

"ಇದು ರಬ್ಬರು."

"ಹೌದು ಸಾರ್. ಇದ್ರಿಂದಾನೇ ಅವ್ರು ವಾಲಿದ್ದು. ಮಂಗಳವಾರ ಅವ್ರು ನೆಟ್ಟಗೇ ನಡೀತಿದ್ರು. ಮಧ್ಯಾಹ್ನ ಮೂರೂಕಾಲು ಗಂಟೆಗೆ ಶಾಲೆ ಗೇಟಿನ ಮುಂದೆ ನಿಮ್ಮ ಕ್ಯಾಮೆರಾ ಕೆಳಗೇ ನಡ್ಕೊಂಡು ಹೋಗಿರ್ತಾರೆ, ಒಂದ್ಸಲ ಹಾಕಿ ನೋಡಿ ಸಾರ್."

"ಎಂಬತ್ತೇಳು ಪರ್ಸೆಂಟ್ ಹೊಂದಿಕೆ ಆಗಿದೆ ರೀ. ನಿಮಗೆ ಗೊತ್ತಾ ಎಂಬತ್ತೇಳು ಅಂದ್ರೆ ಎಷ್ಟು ಅಂತ?"

ಗೊತ್ತು ಎಂದೆ. ಆರನೇ ತರಗತಿಯವರೆಗೆ ಅಷ್ಟು ಲೆಕ್ಕ ಹೇಳಿಕೊಡುತ್ತಾರೆ. ನನಗೆ ಗೊತ್ತಾಗದೆ ಇರುವುದು ಉಳಿದ ಹದಿಮೂರು. ಅದು ನನ್ನ ಭಾವನ ಯಾವ ಭಾಗ? ಮನುಷ್ಯನನ್ನು ಲಾಕಪ್ಪಿಗೆ ಹಾಕುವಾಗ ನೂರಕ್ಕೆ ನೂರು ಹಾಕಿದಿರಲ್ಲ, ಆ ಹದಿಮೂರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದಿರೇ? ಇದನ್ನೆಲ್ಲ ಅಲ್ಲಿ ಕೇಳಲಿಲ್ಲ. "ಪಟ್ಟಿಯಿಂದ ಹೆಸರು ತೆಗೀರಿ ಸಾರ್" ಎಂದಷ್ಟೇ ಅಂದೆ.

"ನಾನು ಸೇರಿಸಿದ್ರೆ ತಾನೇ ನಾನು ತೆಗೆಯೋದು? ಸೇರಿಸಿದ್ದು ಸಿಸ್ಟಮ್ಮು."

"ಹಂಗಾದ್ರೆ ಸಿಸ್ಟಮ್ಮಿಗೆ ಹೇಳಿ ಸಾರ್."

ಪಕ್ಕದ ಮೇಜಿನವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಮಾನ್ಯರೇ, ನಾನೂ ತಪ್ಪು ಮಾಡುತ್ತೇನೆ. ಆದರೆ ನನ್ನ ತಪ್ಪಿಗೆ ದಾರಿ ಗೊತ್ತು. ಮೊಳೆ ಚುಚ್ಚಿದರೆ ಸಂಜೆಯೊಳಗೆ ಗಿರಾಕಿ ಕುಂಟಿಕೊಂಡು ಅಂಗಡಿಗೆ ಬಂದು, ಚಪ್ಪಲಿಯನ್ನು ನನ್ನ ಮುಂದೆ ಎಸೆದು, ನನ್ನ ಮನೆಯವರನ್ನೆಲ್ಲ ನೆನೆದು ಬೈಯುತ್ತಾನೆ. ನಾನು ಬೈಸಿಕೊಂಡು ಮೊಳೆ ಕೀಳುತ್ತೇನೆ. ನಿಮ್ಮ ಯಂತ್ರದ ತಪ್ಪು ಹೊತ್ತವನು ಎಲ್ಲಿಗೆ ಹೋಗಬೇಕು? ಯಾರ ಮುಂದೆ ಎಸೆಯಬೇಕು? ಪೇದೆಯವರು ಇನ್‌ಸ್ಪೆಕ್ಟರರ ಕಡೆ ನೋಡುತ್ತಾರೆ, ಇನ್‌ಸ್ಪೆಕ್ಟರರು ಕಂಪ್ಯೂಟರ್ ಪರದೆಯ ಕಡೆ ನೋಡುತ್ತಾರೆ, ಪರದೆ ಯಾರ ಕಡೆಯೂ ನೋಡುವುದಿಲ್ಲ. ಮೊದಲು ಮೇಲಿನಿಂದ ಆರ್ಡರ್ ಬಂದಿದೆ ಎನ್ನುತ್ತಿದ್ದಿರಿ. ಆ ಮೇಲಿನಲ್ಲಿ ಕೊನೆಗೂ ಒಬ್ಬ ಮನುಷ್ಯ ಇರುತ್ತಿದ್ದ, ಕಾಲು ಹಿಡಿಯಲು ಅವನಿಗೆ ಕಾಲಾದರೂ ಇತ್ತು. ಈಗ ಅದೂ ಇಲ್ಲ. ನೀವು ಯಂತ್ರವನ್ನು ತಂದದ್ದು ಕಳ್ಳರನ್ನು ಹಿಡಿಯಲೋ, ತಪ್ಪಾದಾಗ ನೀವು ಯಾರ ಕೈಗೂ ಸಿಗದೆ ಇರಲೋ ಎಂದು ನನಗೆ ಅನುಮಾನ. ಅನುಮಾನ ಪಡುವುದು ಇಲಾಖೆಯ ಹಕ್ಕು ಮಾತ್ರ ಎಂದು ಎಲ್ಲೂ ಬರೆದಿಲ್ಲವಷ್ಟೆ?

ನಿಮ್ಮ ಪೊಲೀಸರ ಬೂಟುಗಳೂ ನನ್ನ ಹತ್ತಿರವೇ ರಿಪೇರಿಗೆ ಬರುತ್ತಿದ್ದವು. ವರ್ಷಕ್ಕೆ ಎರಡು ಸಲ ಅಟ್ಟೆ ಬದಲಾಯಿಸುತ್ತಿದ್ದ ದಫೇದಾರರೊಬ್ಬರಿದ್ದಾರೆ. ಬೀದಿ ಬೀದಿ ಸುತ್ತುತ್ತಿದ್ದರು, ಯಾವ ಮನೆಯಲ್ಲಿ ಯಾರಿಗೆ ಜ್ವರ ಎಂಬುದೂ ಅವರಿಗೆ ತಿಳಿದಿತ್ತು. ಕ್ಯಾಮೆರಾ ಬಂದ ಮೇಲೆ ಅವರ ಅಟ್ಟೆ ಸವೆಯುವುದೇ ನಿಂತುಹೋಗಿದೆ. ಮೊನ್ನೆ ಬಂದು ಲೇಸ್ ಮಾತ್ರ ಕೊಂಡರು. ನಾನು ಭಾವನ ವಿಷಯ ಎತ್ತಿದೆ. ಸುತ್ತ ನೋಡಿ, ದನಿ ಇಳಿಸಿ ಹೇಳಿದರು: "ನಿಮ್ಮ ಭಾವ ಕಳ್ಳ ಅಲ್ಲ ಅಂತ ನಂಗೊತ್ತಿಲ್ವೇನಯ್ಯ. ಆದ್ರೆ ನಂಗೆ ಗೊತ್ತಿರೋದನ್ನ ತುಂಬಕ್ಕೆ ಆ ಸಿಸ್ಟಮ್ಮಲ್ಲಿ ಜಾಗ ಇಲ್ಲ. ಒಂದು ಮಾತು ಕೇಳು. ಕ್ಯಾಮೆರಾದ್ದು ಮೂವತ್ತು ದಿನ ಮಾತ್ರ ಇರುತ್ತೆ, ಆಮೇಲೆ ತಾನಾಗೇ ಅಳಿಸಿಹೋಗುತ್ತೆ."

ಆ ಮಂಗಳವಾರದಿಂದ ಇವತ್ತಿಗೆ ಇಪ್ಪತ್ತನಾಲ್ಕು ದಿನ. ಭಾವ ನೆಟ್ಟಗೆ ನಡೆದದ್ದಕ್ಕೆ ಇರುವ ಒಂದೇ ಸಾಕ್ಷಿ ನಿಮ್ಮ ಪೆಟ್ಟಿಗೆಯಲ್ಲೇ ಇದೆ, ಬರುವ ಗುರುವಾರ ಸಾಯುತ್ತದೆ. ಪಟ್ಟಿಯಲ್ಲಿರುವ ಹೆಸರಿಗೆ ಮಾತ್ರ ಅಳಿಸುವ ದಿನ ಇಟ್ಟಿಲ್ಲ. ಎಂಥ ಏರ್ಪಾಡು!

ಇದು ನಮ್ಮ ಒಂದು ಮನೆಯ ಗೋಳು ಎಂದು ಪಕ್ಕಕ್ಕಿಡಬೇಡಿ. ನಮ್ಮ ಬೀದಿಯಲ್ಲಿ ನೆಟ್ಟಗೆ ನಡೆಯುವವರು ಎಷ್ಟು ಜನ? ಮಂಡಿ ನೋವಿನವರು, ತುಂಬು ಬಸುರಿಯರು, ಒಂದೇ ಭುಜದ ಮೇಲೆ ಮೂಟೆ ಹೊತ್ತು ಹೊತ್ತು ವಾಲಿಹೋದವರು. ಉಳ್ಳವರು ಬೂಟು ಸವೆದರೆ ಹೊಸದು ಕೊಳ್ಳುತ್ತಾರೆ, ಅವರ ನಡಿಗೆ ಕಂಪನಿಯಿಂದ ಬಂದ ಹಾಗೇ ಇರುತ್ತದೆ. ರಿಪೇರಿ ಮಾಡಿಸಿ ಹಾಕುವವರದೇ ತಿಂಗಳಿಗೊಂದು ನಡಿಗೆ. ನಿಮ್ಮ ಯಂತ್ರ ಯಾರನ್ನು ಹೆಚ್ಚು ಹಿಡಿಯುತ್ತದೆ ಎಂದು ಹೇಳಲು ಪರ್ಸೆಂಟ್ ಬೇಕಿಲ್ಲ. ಇನ್ನು ನಿಜವಾದ ಕಳ್ಳ ಬುದ್ಧಿವಂತನಾದರೆ ನನ್ನಂಥ ಅಂಗಡಿಗೆ ಬಂದು ಹಿಮ್ಮಡಿ ಏರಿಸಿಕೊಂಡು ಹೋಗುತ್ತಾನೆ, ಬೇರೆ ಮನುಷ್ಯನಾಗುತ್ತಾನೆ. ಸುದ್ದಿ ಹಬ್ಬಿದ ಮೇಲೆ ಗಿರಾಕಿಗಳಿಗೆ ಇದೇ ತಮಾಷೆಯಾಗಿದೆ. ಎದುರು ಮನೆಯ ಟೈಲರಮ್ಮ ಚಪ್ಪಲಿ ಕೊಡುತ್ತ, "ನಮ್ಮತ್ತೆ ನಡಿಗೆ ಬರೋ ಹಾಗೆ ಹೊಲಿದುಕೊಡಪ್ಪ, ಪೊಲೀಸರು ಒಂದೆರಡು ದಿನ ಅವರನ್ನ ಕರ್ಕೊಂಡು ಹೋಗಲಿ" ಎಂದರು. ನಾನು ನಗಲಿಲ್ಲ. ಬೇಕಿದ್ದರೆ ದಿನಾ ಸಂಜೆ ವರದಿ ಕಳಿಸಲೇ ನಿಮಗೆ? ಇಂದು ಟೀಚರ್ ಒಬ್ಬರ ಎಡ ಹಿಮ್ಮಡಿ ಬದಲಾಯಿಸಿದೆ, ಯಂತ್ರಕ್ಕೆ ತಿಳಿಸುವುದು. ಇಂದು ಹಾಲಿನವರ ಚಪ್ಪಲಿಗೆ ಹೊಸ ಅಟ್ಟೆ, ಅವರನ್ನು ಹಿಡಿಯಬೇಡಿ ಎಂದು ಪ್ರಾರ್ಥನೆ.

ಈಗ ಮನೆಯೊಳಗಿನ ಸಂಕಟ ಕೇಳಿ. ಭಾವ ಠಾಣೆಯಿಂದ ಮನೆಗೆ ಬಂದ ದಿನವೇ ನಾನು ಹಿಮ್ಮಡಿ ಕಿತ್ತು ಸರಿಮಾಡಲು ಹೋದೆ. ಅಕ್ಕ ಬೂಟನ್ನು ಕೈಯಿಂದ ಕಿತ್ತುಕೊಂಡಳು.

"ಮುಟ್ಟಬೇಡ! ನಾಳೆ ನೆಟ್ಟಗೆ ನಡೆದ್ರೆ, ಸಿಕ್ಕಿಬಿದ್ದ ಮೇಲೆ ನಡಿಗೆ ಬದಲಾಯಿಸ್ಕೊಂಡ ಅಂತಾರೆ."

"ಬದಲಾಯಿಸದೆ ಹಾಕ್ಕೊಂಡ್ರೆ ಯಂತ್ರ ಮತ್ತೆ ಹಿಡಿಯುತ್ತಲ್ಲ ಅಕ್ಕ?"

"ಅದನ್ನ ಬಡಿಯೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು. ಹುಟ್ಟಿದಾಗಿಂದ ಬೇಡದ್ದಕ್ಕೆಲ್ಲ ಯೋಚ್ನೆ ಮಾಡ್ತೀಯ, ಬೇಕಾದ ದಿನ ಮಾಡ್ಲಿಲ್ಲ ನೋಡು."

ಆಮೇಲೆ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಭಾವ ಬೈಯಲೂ ಇಲ್ಲ. "ನಾನೇ ಅವಸರ ಮಾಡಿದ್ದು" ಎಂದರು. ಅವರು ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದಾರೆ. ಹಜಾರದಿಂದ ಅಡುಗೆಮನೆಗೆ ಹೋಗುವಾಗಲೂ ತಮ್ಮ ಕಾಲನ್ನೇ ನೋಡಿಕೊಂಡು ಹೆಜ್ಜೆ ಇಡುತ್ತಾರೆ, ಪರೀಕ್ಷೆಗೆ ನಿಂತವರ ಹಾಗೆ. ಐವತ್ತೆರಡು ವರ್ಷದ ಮನುಷ್ಯನಿಗೆ ನಡೆಯುವುದೇ ಮರೆಯುತ್ತಿದೆ, ಮಾನ್ಯರೇ. ಇದಕ್ಕೆ ಯಾವ ಅಂಗಡಿಯಲ್ಲಿ ರಿಪೇರಿ?

ಆದ್ದರಿಂದ ಕೇಳುತ್ತಿದ್ದೇನೆ. ಅಳಿಸಿಹೋಗುವ ಮುಂಚೆ, ಇವತ್ತು ನಾಳೆಯಲ್ಲೇ, ಆ ಮಂಗಳವಾರ ಮೂರೂಕಾಲು ಗಂಟೆಯ ಚಿತ್ರವನ್ನು ಒಬ್ಬ ಮನುಷ್ಯ ಕೂತು ಕಣ್ಣಲ್ಲಿ ನೋಡಲಿ. ನೋಡಿದವರು ತಮ್ಮ ಸಹಿ ಹಾಕಿ, ಹೆಸರು ತೆಗೆದ ಕಾಗದವನ್ನು ಸೋಮವಾರದೊಳಗೆ ಶಾಲೆಗೆ ಕಳಿಸಲಿ. ಇನ್ನು ಮುಂದೆ, ನಾನು ನೋಡಿದ್ದೇನೆ, ತಪ್ಪಾದರೆ ಹೊಣೆ ನನ್ನದು ಎಂದು ಒಬ್ಬ ಅಧಿಕಾರಿ ಬರೆದುಕೊಡದೆ, ಯಂತ್ರ ಹೇಳಿತೆಂದು ಯಾರ ಮೈಮೇಲೂ ಕೈ ಹಾಕಬೇಡಿ. ಅಷ್ಟು ಧೈರ್ಯ ಯಾರಿಗೂ ಬಾರದಿದ್ದರೆ ಆ ಯಂತ್ರವನ್ನು ಕಟ್ಟಿಡಿ.

ಕಾಗದ ಬಾರದಿದ್ದರೆ ನಾನು ಮಾಡುವುದನ್ನೂ ಹೇಳಿಬಿಡುತ್ತೇನೆ, ಆಮೇಲೆ ತಿಳಿಸಲಿಲ್ಲ ಎನ್ನಬಾರದು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಬೂಟನ್ನು ನಾನೇ ಹಾಕಿಕೊಳ್ಳುತ್ತೇನೆ. ನನಗೆ ಒಂದು ಅಳತೆ ದೊಡ್ಡದು, ತುದಿಗೆ ಪೇಪರ್ ತುರುಕುತ್ತೇನೆ. ನಿಮ್ಮ ಕಚೇರಿಯ ಮುಂದಿನ ರಸ್ತೆಯಲ್ಲಿ, ಕ್ಯಾಮೆರಾ ಕಂಬದ ಕೆಳಗೆ, ಆ ತುದಿಯಿಂದ ಈ ತುದಿಗೆ ಎಡಕ್ಕೆ ವಾಲಿಕೊಂಡು ನಡೆಯುತ್ತೇನೆ. ಕಾಲು ನಡುಗುತ್ತದೆ, ಅದನ್ನೂ ಯಂತ್ರ ಬರೆದುಕೊಳ್ಳಲಿ. ನನ್ನನ್ನು ಕಳ್ಳ ಎಂದರೂ ಸರಿ, ಭಾವ ಎಂದರೂ ಸರಿ, ಹಿಡಿಯಲು ಒಬ್ಬರನ್ನು ಕಳಿಸಿ. ಬಂದವರು ಕೈ ಹಿಡಿಯುವ ಮುಂಚೆ ನನ್ನ ಮುಖವನ್ನು ಒಂದು ಸಲ ನೋಡಲಿ, ನೀನು ಯಾರು ಎಂದು ಕೇಳಲಿ. ಮೂರು ವಾರದಿಂದ ನಿಮ್ಮವರು ಯಾರೂ ನಮ್ಮ ಮನೆಯವರನ್ನು ಕೇಳದೆ ಇರುವ ಪ್ರಶ್ನೆ ಅದು.

ಇಂತಿ,
ತನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡು, ನಿಮ್ಮ ಪಾಲಿನದಕ್ಕೆ ಕಾಯುತ್ತಿರುವ,
ಬೂಟು ರಿಪೇರಿಯವನು