ಇಂಜೆಕ್ಷನ್ ಬೇಡ, ಆಪರೇಷನ್ನೇ ಇರಲಿ ಎಂದಳು

ಅಮ್ಮಾ,

ಆಪರೇಷನ್ ಆಯಿತು, ನಿನ್ನ ಸೊಸೆ ಚೆನ್ನಾಗಿದ್ದಾಳೆ. ಮೊದಲು ಇಷ್ಟು ಓದಿ ಉಸಿರು ಬಿಡು, ಉಳಿದದ್ದು ಆಮೇಲೆ. ಅವಳ ಬಟ್ಟೆ ಒಯ್ಯಲು ಬಂದೆ. ನೀನು ಪುಟ್ಟಿಯನ್ನು ಕರೆದುಕೊಂಡು ಹೊರಗೆ ಹೋಗಿದ್ದೀಯ, ಫೋನು ಮಾತ್ರ ಎಂದಿನಂತೆ ಫ್ರಿಜ್ ಮೇಲೆ! ಅದಕ್ಕೇ ಈ ಚೀಟಿ.

"ಮತ್ತೆ ಹೊಟ್ಟೆ ಕುಯ್ಯೋದು ಬೇಡ, ಇಂಜೆಕ್ಷನ್ ಸಾಕು" ಎಂದಿದ್ದೆಯಲ್ಲ, ಅದನ್ನೂ ಡಾಕ್ಟರಿಗೆ ಹೇಳಿದೆ. ಈ ಸಲ ಗರ್ಭ ಕೂತದ್ದು ಪುಟ್ಟಿ ಹುಟ್ಟಿದಾಗ ಸಿಸೇರಿಯನ್ ಮಾಡಿ ಹೊಲಿದ ಜಾಗದಲ್ಲೇ. ಬೆಳೆಯಲು ಬಿಟ್ಟರೆ ಅವಳ ಜೀವಕ್ಕೇ ಅಪಾಯ. ಇಂಜೆಕ್ಷನ್ ಕೊಟ್ಟರೆ ಆ ಗರ್ಭ ಕರಗಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ರಕ್ತ ಹೋಗಲೂಬಹುದು ಎಂದರು. ನಾನು ಹೆದರಿ, ಗರ್ಭಕೋಶವನ್ನೇ ತೆಗೆದುಬಿಡಿ ಎಂದೆ. ಅವಳು ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಸಣ್ಣ ತೂತು ಮಾಡಿ ತೆಗೀರಿ, ಆ ಹಳೇ ಗಾಯಾನೂ ಗಟ್ಟಿಯಾಗಿ ಹೊಲಿದುಬಿಡಿ" ಎಂದಳು. ಹಾಗೇ ಮಾಡಿದರು. ರಕ್ತ ಕೊಡುವ ಪ್ರಮೇಯವೇ ಬರಲಿಲ್ಲ.

ಇನ್ನೊಂದು ಮಾತು. ಎರಡನೇ ಮಗು ಬೇಕೆಂದು ನೀನು ಹಟ ಹಿಡಿದದ್ದಕ್ಕೇ ಹೀಗಾಯಿತೆಂದು ಕೊರಗಬೇಡ. ಡಾಕ್ಟರನ್ನು ಕೇಳಿಯೇ ಬಂದಿದ್ದೇನೆ. "ಇದು ಯಾರ ತಪ್ಪೂ ಅಲ್ಲ, ಅಮ್ಮಂಗೆ ಹೇಳಿ" ಎಂದರು.

ಪುಟ್ಟಿಯ ಕೆಮ್ಮಿನ ಔಷಧಿ ಊಟವಾದ ಮೇಲೆ. ಸಂಜೆ ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಬಾ, ಬಾಚಣಿಗೆ ತಾ. ನಾನು ಹಾಕಿದ ಜಡೆಯನ್ನು ಕನ್ನಡಿಯಲ್ಲಿ ನೋಡಿ ನಿನ್ನ ಸೊಸೆ ಹೇಳಿದ್ದು: "ನಗಿಸ್ಬೇಡಿ, ಹೊಲಿಗೆ ನೋಯುತ್ತೆ. ಅತ್ತೇನ ಕಳ್ಸಿ."